ಓಟ, ಮುಟ್ಟು, ಎಲುಬು

ಕಳೆದ ವರ್ಷ ಪಿಎಚ್.ಡಿ. ಅಧ್ಯಾಯಗಳ ನಡುವೆ ತಲೆ ಹಗುರಾಗಲೆಂದು ಬೆಳಗಿನ ಹೊತ್ತು ಓಡಲು ಶುರುಮಾಡಿದೆ. ಐದು ಕಿಲೋಮೀಟರು ಹತ್ತಾಯಿತು, ಹತ್ತು ಇಪ್ಪತ್ತರ ಹತ್ತಿರ ಬಂತು. ಅಷ್ಟರಲ್ಲಿ ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ಜೊತೆಗೆ ಓಡುವವರೊಬ್ಬರು, "ತರಬೇತಿ ಚೆನ್ನಾಗಿ ನಡೀತಿದೆ ಅಂತ ಅರ್ಥ, ಬಿಡಿ" ಎಂದರು. ಅಜ್ಜಿ ಮಾತ್ರ, "ಹೆಣ್ಣುಮಕ್ಕಳು ಹಂಗೆಲ್ಲ ಓಡಬಾರ್ದು ಕಣೆ, ಗರ್ಭಕೋಶ ಜಾರುತ್ತೆ" ಅಂದಳು.

ಇಬ್ಬರ ಮಾತೂ ತಪ್ಪು. ಆದರೆ ಅಜ್ಜಿಯ ತಪ್ಪಿಗೆ ದೊಡ್ಡ ಚರಿತ್ರೆಯಿದೆ.

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರು 800 ಮೀಟರ್ ಓಡಿದರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದರು. ಫೈನಲ್‌ನಲ್ಲಿದ್ದ ಒಂಬತ್ತೂ ಮಂದಿ ಗುರಿ ಮುಟ್ಟಿದರು. ಪತ್ರಿಕೆಗಳು ಬರೆದದ್ದು ಮಾತ್ರ ಓಟಗಾರ್ತಿಯರು ಕುಸಿದುಬಿದ್ದ ಕಥೆ. ಓಟ ಮುಗಿಸಿ ಸುಸ್ತಾಗಿ ನೆಲಕ್ಕೊರಗುವ ಗಂಡಸರ ಬಗ್ಗೆ ಯಾರೂ ಹಾಗೆ ಮರುಗಿದ್ದಿಲ್ಲ. ಆ ಸ್ಪರ್ಧೆ ಒಲಿಂಪಿಕ್ಸ್‌ಗೆ ಮರಳಿದ್ದು 1960ರಲ್ಲಿ, ರೋಮ್‌ನಲ್ಲಿ.

ಮ್ಯಾರಥಾನ್‌ಗೆ ಇನ್ನೂ 24 ವರ್ಷ ಕಾಯಬೇಕಾಯಿತು. 1984ರ ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಜೋನ್ ಬೆನೊಯ್ ಮಹಿಳೆಯರ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದರು. (ನಮಗೆ ಆ ವಾರ ನೆನಪಿರುವುದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ತಪ್ಪಿಸಿಕೊಂಡ ಪಿ.ಟಿ. ಉಷಾ ಅವರಿಂದ.) ಆ ಮ್ಯಾರಥಾನ್‌ಗೆ ಸರಿಯಾಗಿ ಮೂರು ದಿನ ಮೊದಲು, ಆಗಸ್ಟ್ 2ರ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಾರ್ಬರಾ ಡ್ರಿಂಕ್‌ವಾಟರ್ ಮತ್ತು ಸಂಗಡಿಗರ ಲೇಖನವೊಂದು ಬಂದಿತ್ತು. ಮುಟ್ಟು ನಿಂತಿದ್ದ 14 ಕ್ರೀಡಾಪಟುಗಳನ್ನು, ಮುಟ್ಟು ಸರಿಯಾಗಿದ್ದ 14 ಮಂದಿಯ ಜೊತೆ ಅವರು ಹೋಲಿಸಿದ್ದರು. ಮೊದಲ ಗುಂಪಿನವರಲ್ಲಿ ಈಸ್ಟ್ರೋಜನ್ ಕಡಿಮೆ; ಬೆನ್ನೆಲುಬಿನ ಸಾಂದ್ರತೆ ಸುಮಾರು ಶೇ. 14ರಷ್ಟು ಕಡಿಮೆ. ಸರಾಸರಿ ವಯಸ್ಸು ಇಪ್ಪತ್ತೈದು!

ಆ ಹೊತ್ತಿನ ಇಕ್ಕಟ್ಟನ್ನು ಊಹಿಸಿಕೊಳ್ಳಿ. ಅರ್ಧ ಶತಮಾನ ಹೋರಾಡಿ ಬಾಗಿಲು ತೆಗೆಸಿದ ವಾರವೇ, ಓಡುವ ಹೆಣ್ಣುಮೈಗೆ ಏನೋ ಆಗುತ್ತಿದೆ ಎಂದು ಒಪ್ಪಿಕೊಳ್ಳಬೇಕು. "ನಾವು ಹೇಳಿರಲಿಲ್ಲವೇ" ಎನ್ನಲು ಹಳಬರು ಕಾದು ಕೂತಿದ್ದಾರೆ.

ಆದರೆ ಕಾರಣ ಓಟವೇ ಎಂದು ಆ ಅಂಕಿಗಳು ಹೇಳಿರಲಿಲ್ಲ. ಅದನ್ನು ಬಿಡಿಸಿದ್ದು ಒಹಾಯೊ ವಿಶ್ವವಿದ್ಯಾಲಯದ ಆನ್ ಲೌಕ್ಸ್. ಮಿದುಳಿನ ಹೈಪೊಥಲಾಮಸ್ ಆಗಾಗ ಮಿಡಿದು ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಹಾರ್ಮೋನನ್ನು ಬಿಡಿಸುತ್ತದೆ. ಅಂಡಾಶಯ ನಡೆಯುವುದು ಆ ಮಿಡಿತದ ಲಯಕ್ಕೆ. 1998ರ ಪ್ರಯೋಗದಲ್ಲಿ, ವ್ಯಾಯಾಮಕ್ಕೆ ತಕ್ಕಷ್ಟು ಉಂಡವರ ಮಿಡಿತ ತಗ್ಗಲೇ ಇಲ್ಲ. ಕಡಿಮೆ ಉಂಡವರದು ತಗ್ಗಿತು, ವ್ಯಾಯಾಮ ಮಾಡದಿದ್ದರೂ! 2003ರ ಅಧ್ಯಯನ ಒಂದು ಗೆರೆಯನ್ನೂ ತೋರಿಸಿತು: ವ್ಯಾಯಾಮದ ಖರ್ಚು ಕಳೆದು, ಕೊಬ್ಬು ಬಿಟ್ಟ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 30 ಕಿಲೋಕ್ಯಾಲೊರಿಗಿಂತ ಕಡಿಮೆ ಉಳಿದರೆ, ಐದೇ ದಿನಗಳಲ್ಲಿ ಮಿಡಿತ ಮಂದವಾಗುತ್ತದೆ. ಮೈ ತನ್ನ ಖರ್ಚನ್ನು ಕಡಿತ ಮಾಡಲು ಹೊರಟಾಗ ಬಸಿರಿನ ಸಿದ್ಧತೆಗೂ ಕತ್ತರಿ ಬೀಳುತ್ತದೆ. ಗಂಡಸರೂ ಇದಕ್ಕೆ ಹೊರತಲ್ಲ. ದೂರ ಓಡುವವರಲ್ಲಿ ಟೆಸ್ಟೋಸ್ಟಿರಾನ್ ತಗ್ಗಿರುವುದು 1984ರಲ್ಲೇ ವರದಿಯಾಗಿತ್ತು. ಒಲಿಂಪಿಕ್ ಸಮಿತಿ ಅವರನ್ನೂ ಸೇರಿಸಿ ಈ ಕೊರತೆಗೆ ಹೊಸ ಹೆಸರಿಟ್ಟದ್ದು 2014ರಲ್ಲಿ. ಗಂಡಸಿನ ಓಟವನ್ನು ಅಲ್ಲಿಯವರೆಗೆ ಯಾರೂ ಅನುಮಾನಿಸಿರಲಿಲ್ಲವಲ್ಲ.

ನಾನು ನೋಡಿದ ಡಾಕ್ಟರು ಬೇರೆ ಕಾರಣಗಳಿಲ್ಲವೆಂದು ಪರೀಕ್ಷೆಗಳಲ್ಲಿ ಖಚಿತ ಮಾಡಿಕೊಂಡು, ಕೊನೆಗೆ ಕೇಳಿದ್ದು, "ಬೆಳಗ್ಗೆ ಏನು ತಿಂತೀರಿ?" ಬರೀ ಕಾಫಿ ಎಂದೆ. ಈಗ ಓಟಕ್ಕೆ ಮುಂಚೆ ಬಾಳೆಹಣ್ಣು, ಬಂದಮೇಲೆ ಮುದ್ದೆ ಸಾರು. ಮೂರನೇ ತಿಂಗಳಿಗೆ ಮುಟ್ಟು ಮರಳಿತು. ಎರಡನೇ ಮುದ್ದೆ ಬಡಿಸುವಾಗ ಅಜ್ಜಿಗೆ ಖುಷಿಯೋ ಖುಷಿ. ಓಟಕ್ಕೆ ಮಾತ್ರ ಅವಳ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.