ಜಾಝ್ ಧ್ವನಿಮುದ್ರಿಕೆಗಳಲ್ಲಿ ಕನ್ನಡನಾಡಿನ ಲಯ

ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳಿಗೂ ಮೈಸೂರಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನ ಕೃತಿಗಳು ಅಜ್ಞಾತವಾಗಿಯೇ ಉಳಿದುಹೋಗಬಾರದೆಂದು ಜಯಚಾಮರಾಜ ಒಡೆಯರು ದ್ರವ್ಯಸಹಾಯವನ್ನಿತ್ತು, ವೃದ್ಧನೂ ಅಸ್ವಸ್ಥನೂ ಆಗಿದ್ದ ಆ ಕಲಾವಿದನಿಂದಲೇ ಪಿಯಾನೋ ನುಡಿಸಿಸಿ, 1940ರ ದಶಕದ ಉತ್ತರಾರ್ಧದಲ್ಲಿ ಲಂಡನ್ನಿನಿಂದ ಹೆಚ್.ಎಂ.ವಿ. ತಟ್ಟೆಗಳನ್ನು ಹೊರತರಿಸಿದ ವೃತ್ತಾಂತವನ್ನು ರಸಿಕರು ಬಲ್ಲರು. ಜಾಝ್‌ಗೆ ಅಂತಹ ರಾಜಾಶ್ರಯ ಇಲ್ಲಿ ಒದಗಲಿಲ್ಲ. ಅದರ ಮುಖ್ಯ ವಾದ್ಯವಾದ ಸ್ಯಾಕ್ಸೋಫೋನು ಮಾತ್ರ ಅರಮನೆಯ ಬ್ಯಾಂಡಿನಲ್ಲಿ, ಸಮವಸ್ತ್ರಧಾರಿಗಳ ಕೈಯಲ್ಲಿ, ಜಾಝ್‌ನ ಸೋಂಕೇನೂ ಇಲ್ಲದೆ ಮರ್ಯಾದೆಯಿಂದ ನುಡಿಯುತ್ತಿದ್ದಿತು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ, ನಾಗಸ್ವರ ವಾದಕರ ಮಗನಾದ ಬಾಲಕನೊಬ್ಬನು ಅದನ್ನು ಅಲ್ಲಿ ಕೇಳಿ ಮರುಳಾದನು. ಆ ಬಾಲಕನು ಮುಂದೆ ಕದ್ರಿ ಗೋಪಾಲನಾಥನೆಂದು ಲೋಕಖ್ಯಾತನಾದುದರಿಂದ, ಈ ಸಮೀಕ್ಷೆಯ ಒಂದು ಎಳೆ ಮೈಸೂರಿನಲ್ಲಿಯೇ ಮೊದಲಾಗುತ್ತದೆಂದು ಹೇಳಿದರೆ ಊರಿನ ಅಭಿಮಾನದ ಅತಿರೇಕವಾಗಲಾರದು.

ಜಾಝ್‌ನ ಚರಿತ್ರೆಯೆಂಬುದು ಬಹುಮಟ್ಟಿಗೆ ಅದರ ಮುದ್ರಿಕೆಗಳ ಚರಿತ್ರೆಯೇ ಸರಿ. ಸ್ವರಲಿಪಿಗೆ ಸಿಕ್ಕದ ಮನೋಧರ್ಮವನ್ನು ತಟ್ಟೆಯಲ್ಲದೆ ಬೇರಾವುದೂ ಕಾಪಿಡಲಾರದು. 1917ರಲ್ಲಿ ಮೊದಲ ಜಾಝ್ ತಟ್ಟೆ ಹೊರಬಂದಿತು. 1925ರಿಂದ 1928ರವರೆಗೆ ಲೂಯಿ ಆರ್ಮ್‌ಸ್ಟ್ರಾಂಗನು ತನ್ನ ಹಾಟ್ ಫೈವ್, ಹಾಟ್ ಸೆವೆನ್ ಮೇಳಗಳೊಡನೆ ಮುದ್ರಿಸಿದುವುಗಳಲ್ಲಿ ಏಕವಾದಕನ ಕಲ್ಪನೆಗೆ ಪಟ್ಟಾಭಿಷೇಕವಾಯಿತು. 1945ರಲ್ಲಿ ಚಾರ್ಲಿ ಪಾರ್ಕರನು ‘ಕೋ-ಕೋ’ವನ್ನು ನುಡಿಸಿ ವೇಗಕ್ಕೆ ಹೊಸದೊಂದು ಅರ್ಥವನ್ನು ಕೊಟ್ಟನು. ಇವೆಲ್ಲವೂ ಮಹತ್ತಾದುವೇ. ಆದರೆ ಕ್ಷಣಕ್ಷಣಕ್ಕೂ ಬದಲಾಗುವ ಸ್ವರಮೇಳಗಳ ಬೆನ್ನುಹತ್ತಿ ಓಡುವ ಆ ಸಂಗೀತವು, ಆಧಾರಶ್ರುತಿಯನ್ನು ಬಿಟ್ಟು ಕದಲದ ನಮ್ಮ ಕಿವಿಗೆ ಒಡನೆಯೇ ಒಲಿಯುವಂತಹುದಲ್ಲ. ಆ ತಡೆಯನ್ನು ಸರಿಸಿದುದು 1959ರ ಮಾರ್ಚ್ ಮತ್ತು ಏಪ್ರಿಲಿನಲ್ಲಿ ಎರಡು ಬೈಠಕ್ಕುಗಳಲ್ಲಿ ಮುದ್ರಿತವಾದ ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’. ಸ್ವರಮೇಳಗಳ ಸರಣಿಗೆ ಬದಲಾಗಿ ಒಂದೊಂದು ಸ್ವರಶ್ರೇಣಿಯಲ್ಲಿಯೇ ಬಹುಕಾಲ ವಿಹರಿಸುವ ಅದರ ಕ್ರಮವು ನಮಗೆ ಪರಿಚಿತವೆಂಬಂತೆ ತೋರುತ್ತದೆ. ತೋರಿಕೆಯೇ ಅದು: ಸ್ವರಗಳು ಇವೆ, ಗಮಕವಿಲ್ಲ, ರಾಗದ ಅಂಗಳವಿದೆ, ಒಳಮನೆಯಿಲ್ಲ. ಅದರಲ್ಲಿ ಭಾಗಿಯಾಗಿದ್ದ ಜಾನ್ ಕೋಲ್ಟ್ರೇನನು 1961ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡಿನಲ್ಲಿ ‘ಇಂಡಿಯಾ’ ಎಂಬ ರಚನೆಯನ್ನೇ ನುಡಿಸಿದನು. ಅದರಲ್ಲಿ ಭಾರತವು ಇರುವುದಕ್ಕಿಂತ ಭಾರತದ ಹಂಬಲವಿದೆಯೆಂದು ನನಗೆ ಅನ್ನಿಸುತ್ತದೆ, ಆ ಹಂಬಲವು ಮಾತ್ರ ಅಪ್ಪಟವಾದುದು.

ಹಂಬಲವು ಒಪ್ಪಂದವಾಗಿ ಮಾರ್ಪಟ್ಟ ಅನಂತರ ಬಂದ ಕೆಲವು ಮುದ್ರಿಕೆಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಜಾನ್ ಮೇಯರನೂ ಜೋ ಹ್ಯಾರಿಯಟನೂ ಕೂಡಿ 1966ರಲ್ಲಿ ಹೊರತಂದ ‘ಇಂಡೋ-ಜಾಝ್ ಸೂಟ್’ನಲ್ಲಿ ಎರಡು ಪಂಗಡದ ವಾದಕರು ಎದುರುಬದುರು ಕುಳಿತು ಪರಸ್ಪರ ಉಪಚಾರ ಹೇಳಿಕೊಳ್ಳುತ್ತಿರುವಂತೆ ಕೇಳಿಸುತ್ತದೆ. ಜಾನ್ ಮೆಕ್ಲಾಫ್ಲಿನನ ‘ಶಕ್ತಿ’ಯು ಇದಕ್ಕಿಂತ ಎಷ್ಟೋ ಮೇಲು, 1975ರ ಜುಲೈಯಲ್ಲಿ ಸಭಿಕರೆದುರು ಮುದ್ರಿತವಾದ ಅದರ ಮೊದಲ ತಟ್ಟೆಯಲ್ಲಿ ಎಲ್. ಶಂಕರರ ಪಿಟೀಲೂ ಝಾಕಿರ್ ಹುಸೇನರ ತಬಲವೂ ಮಿಂಚುತ್ತವೆ. ಆದರೆ ಮಿಂಚಿಗೂ ಒಂದು ಬಿಡುವು ಬೇಡವೆ? ವಿಳಂಬಕಾಲದ ಸೊಗಸನ್ನು ಬಲ್ಲವರಿಗೆ ಆ ನಿರಂತರ ದ್ರುತಗತಿಯು ಕೊನೆಗೆ ಆಯಾಸವನ್ನೇ ತರುತ್ತದೆ.

ಕನ್ನಡನಾಡು ಈ ಕಥೆಯೊಳಗೆ ನಿಜವಾಗಿ ಪ್ರವೇಶಿಸಿದುದು ರಾಗದ ಬಾಗಿಲಿನಿಂದಲ್ಲ, ಲಯದ ಬಾಗಿಲಿನಿಂದ. ಮೃದಂಗ ವಿದ್ವಾಂಸರಾದ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಸಂಸ್ಥೆಯನ್ನು ಜರ್ಮನಿಯ ರಸಿಕರು ಬಲ್ಲಷ್ಟು ನಮ್ಮವರು ಬಲ್ಲರೆ ಎಂಬುದು ಸಂದೇಹಾಸ್ಪದ. ಮ್ಯೂನಿಕ್ಕಿನ ಎಂಬ್ರಿಯೊ ತಂಡದವರು 1970ರ ದಶಕದ ಕೊನೆಯಲ್ಲಿ ನೆಲದ ದಾರಿಯಾಗಿ ಭಾರತಕ್ಕೆ ಬಂದು ಈ ಸಂಸ್ಥೆಯವರೊಡನೆ ಕೂಡಿ ನುಡಿಸಿದರು. 1982ರಲ್ಲಿ ಡಿಸಿಡೆಂಟನ್ ತಂಡದೊಡನೆ ‘ಜರ್ಮನಿಸ್ತಾನ್’ ಹೊರಬಂದಿತು. ಇವು ಪೂರ್ವರಂಗ. ಮುಖ್ಯ ಕೃತಿಯು 1983ರಲ್ಲಿ ಮ್ಯೂನಿಕ್ಕಿನ ಇ.ಸಿ.ಎಂ. ಸಂಸ್ಥೆಯು ಪ್ರಕಟಿಸಿದ ‘ಜ್ಯೋತಿ’.

ಅದರಲ್ಲಿ ಈ ಸಂಸ್ಥೆಯವರೊಡನೆ ನುಡಿಸಿದ ಬಾಸ್ಟನ್ನಿನ ಚಾರ್ಲಿ ಮರಿಯಾನೊ ಪಾರ್ಕರನ ಪ್ರಭಾವದಲ್ಲಿ ಬೆಳೆದವನು. ಚಾರ್ಲ್ಸ್ ಮಿಂಗಸನ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಕರುಳು ಮಿಡಿಯುವಂತೆ ಸ್ಯಾಕ್ಸೋಫೋನನ್ನು ನುಡಿಸಿದವನು. ಅಂತಹವನು ನಡುವಯಸ್ಸಿನಲ್ಲಿ ನಾಗಸ್ವರಕ್ಕೆ ಶಿಷ್ಯನಾದನು. ನಮ್ಮ ಮೈಸೂರಿನ ಗೋಕುಲದ ಕಾಂಟೂರ್ ರಸ್ತೆಯ ಆಸುಪಾಸಿನಲ್ಲಿ ಯೋಗಾಭ್ಯಾಸಕ್ಕೆಂದು ಬಂದಿಳಿಯುವ ವಿದೇಶೀಯರಲ್ಲಿ ಒಂದು ವಾರ ಆಸನ ಹಾಕಿ ಹೊರಟುಹೋಗುವವರೂ ಉಂಟು, ವರ್ಷವರ್ಷವೂ ಮರಳಿ ಬಂದು ನಸುಕಿನಲ್ಲೆದ್ದು ಮೈ ಬಗ್ಗಿಸುವವರೂ ಉಂಟು. ಮರಿಯಾನೊ ಈ ಎರಡನೆಯ ಜಾತಿಗೆ ಸೇರಿದವನು. ‘ಜ್ಯೋತಿ’ಯಲ್ಲಿ ಪಿಯಾನೋ ಇಲ್ಲ, ಬಾಸ್ ಇಲ್ಲ, ಪಾಶ್ಚಾತ್ಯ ಡ್ರಮ್ಮೂ ಇಲ್ಲ. ಆರ್.ಎ. ರಮಾಮಣಿಯವರ ಕಂಠವೊಂದೇ ಮೊದಲು ಕೇಳಿಬರುತ್ತದೆ. ಬಳಿಕ ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ ಮತ್ತು ಮೋರ್ಚಿಂಗ್, ಶಶಿಕುಮಾರರ ಖಂಜಿರ. ಮರಿಯಾನೊ ತನ್ನ ಕಡೆಯ ಊರುಗೋಲುಗಳನ್ನೆಲ್ಲ ಬಿಸುಟು ಒಬ್ಬಂಟಿಯಾಗಿ ಈ ಮೇಳದೊಳಗೆ ಬಂದು, ತಾಳದ ಆವರ್ತಕ್ಕೆ ತನ್ನ ಉಸಿರನ್ನು ಒಪ್ಪಿಸಿ, ಕಂಠದ ಪಕ್ಕದಲ್ಲಿ ಕಂಠದಂತೆಯೇ ನುಡಿಸಿದ ಆ ವಿನಯದಲ್ಲಿಯೇ ಮುದ್ರಿಕೆಯ ಜಯವಿದೆ. ರಮಾಮಣಿಯವರಾದರೋ ಕೃತಿಗಳ ಸಾಹಿತ್ಯವನ್ನು ನೆಮ್ಮದೆ, ಸ್ವರ, ಅಕಾರ, ಕೊನ್ನಕೋಲುಗಳನ್ನೇ ಭಾಷೆಯಾಗಿಸಿಕೊಂಡು, ಗಾಯನವೂ ಒಂದು ವಾದ್ಯವೇ ಎಂಬುದನ್ನು ತೋರಿಸಿಕೊಟ್ಟರು. ಇ.ಸಿ.ಎಂ.ನವರ ಅಭ್ಯಾಸದಂತೆ ಧ್ವನಿಗೆ ಹಚ್ಚಿದ ಅನುರಣನವು ಘಟದ ಮಣ್ಣಿನ ಒರಟುತನವನ್ನು ಕೊಂಚ ನಯಮಾಡಿಬಿಟ್ಟಿದೆಯೆಂಬುದೊಂದೇ ನನ್ನ ಆಕ್ಷೇಪ.

ಗೋಪಾಲನಾಥರ ದಾರಿ ಇದಕ್ಕೆ ವಿಲೋಮವಾದುದು. ಕೀಲಿಗಳಿಂದ ಸ್ವರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಕೊಡುವ ವಾದ್ಯದಿಂದ ಗಮಕವನ್ನು ಹೊರಡಿಸಲು ಅವರು ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರರಲ್ಲಿಯೂ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ಪಡೆದು, ವಾದ್ಯವನ್ನೇ ತಮ್ಮ ಅಗತ್ಯಕ್ಕೆ ತಿದ್ದಿಕೊಂಡು, ದೀರ್ಘಕಾಲ ಸಾಧಿಸಬೇಕಾಯಿತು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯದ ಜಾನ್ ಹ್ಯಾಂಡಿಯು ಇವರನ್ನು ಕೇಳಿ, ಜೊತೆಗೂಡಿ ನುಡಿಸಿದ ಪ್ರಸಂಗದಿಂದ ಇವರ ಹೆಸರು ಹೊರದೇಶಗಳಿಗೆ ಹಬ್ಬಿತು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಆದರೂ ಅವರು ಜಾಝ್ ವಾದಕರಾಗಲಿಲ್ಲ, ಆಗಬಯಸಲೂ ಇಲ್ಲ. ಆ ಹಟವೇ ಮುಂದೆ ಜಾಝ್‌ಗೆ ಉಪಕಾರಕವಾಯಿತು.

ಏಕೆಂದರೆ ಅಮೆರಿಕದ ಕೊಲೊರಾಡೊದಲ್ಲಿ ಬೆಳೆದ, ಕರ್ನಾಟಕ ಮೂಲದ ತಂದೆತಾಯಿಗಳ ಮಗನಾದ ರುದ್ರೇಶ ಮಹಾಂತಪ್ಪನಿಗೆ, ಅವನು ಬಾಸ್ಟನ್ನಿನ ಬರ್ಕ್ಲೀಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬ ಗೋಪಾಲನಾಥರ ಮುದ್ರಿಕೆಯನ್ನು ಅಣ್ಣನು ವಿನೋದಕ್ಕಾಗಿ ತಂದುಕೊಟ್ಟನಂತೆ. ವಿನೋದವು ವಿದ್ಯೆಯಾಗಿ ಪರಿಣಮಿಸಿತು. 2004ರ ಅವನ ‘ಮದರ್ ಟಂಗ್’ನಲ್ಲಿ ಭಾರತೀಯ ಭಾಷೆಗಳನ್ನಾಡುವವರ ಮಾತಿನ ಏರಿಳಿತಗಳನ್ನು ಸ್ವರಗಳಾಗಿ ಬರೆದುಕೊಂಡು ಕಟ್ಟಿದ ರಚನೆಗಳಿವೆ, ‘ಕನ್ನಡ’ವೆಂಬ ಹೆಸರಿನದೂ ಅವುಗಳಲ್ಲಿ ಒಂದು. ಯುಕ್ತಿ ಚಮತ್ಕಾರವುಳ್ಳದ್ದು, ಆದರೆ ಹೆಸರನ್ನು ಮರೆಮಾಡಿ ಕೇಳಿಸಿದರೆ ಯಾವ ಕನ್ನಡಿಗನೂ ಅದನ್ನು ತನ್ನದೆಂದು ಗುರುತಿಸಲಾರನು.

2008ರ ‘ಕಿನ್ಸ್‌ಮೆನ್’ ಬೇರೆಯೇ ದರ್ಜೆಯದು. ಗೋಪಾಲನಾಥರ ಸ್ಯಾಕ್ಸೋಫೋನಿನ ಎದುರಿಗೆ ಮಹಾಂತಪ್ಪನ ಸ್ಯಾಕ್ಸೋಫೋನು, ಕನ್ಯಾಕುಮಾರಿಯವರ ಪಿಟೀಲಿನ ಎದುರಿಗೆ ರೆಜ್ ಅಬ್ಬಾಸಿಯ ಗಿಟಾರು, ಪೂವಲೂರು ಶ್ರೀಜಿಯವರ ಮೃದಂಗದ ಎದುರಿಗೆ ರಾಯಲ್ ಹಾರ್ಟಿಗನನ ಡ್ರಮ್ಮುಗಳು. ಒಂದೇ ವಾದ್ಯದಿಂದ ಒಬ್ಬರು ಸ್ವರವನ್ನು ಜಾರಿಸುತ್ತಾರೆ, ಇನ್ನೊಬ್ಬನು ಸ್ವರವನ್ನು ಕೆತ್ತುತ್ತಾನೆ. ಇಬ್ಬರಲ್ಲೊಬ್ಬರೂ ಮತ್ತೊಬ್ಬರಂತಾಗಲು ಹವಣಿಸುವುದಿಲ್ಲ. ಉಪಚಾರದ ಮಾತು ಮುಗಿದ ಮೇಲೆ ನಡೆಯುವ ಸಂವಾದವಿದು, ಒಮ್ಮೊಮ್ಮೆ ಜಗಳದ ಅಂಚಿಗೂ ಹೋಗುತ್ತದೆ. ರಚನೆಗಳ ನಡುವೆ ಒಬ್ಬೊಬ್ಬ ವಾದಕನಿಗೂ ಬಿಟ್ಟುಕೊಟ್ಟಿರುವ ಪುಟ್ಟ ಆಲಾಪನೆಗಳು ನಮ್ಮ ಕಛೇರಿಯ ಪದ್ಧತಿಯನ್ನು ಬಲ್ಲವರಿಗೆ ವಿಶೇಷವಾಗಿ ಹಿತವೆನಿಸಬಹುದು. ಡ್ರಮ್ಮುಗಳ ಅಬ್ಬರದಲ್ಲಿ ಮೃದಂಗದ ಎಡದ ಗುಮುಕಿಗಳು ಅಲ್ಲಲ್ಲಿ ಮುಳುಗಿಹೋಗುವುದನ್ನು ಸಹಿಸಿಕೊಳ್ಳಬೇಕು. ಗೋಪಾಲನಾಥರು 2019ರಲ್ಲಿಯೂ ಮಣಿಯವರು 2020ರಲ್ಲಿಯೂ ತೀರಿಕೊಂಡರು. ಹೊಸದಾಗಿ ಕೇಳಹೊರಡುವವರು ‘ಜ್ಯೋತಿ’ಯನ್ನು ಮೊದಲು ಕೇಳಿ ‘ಕಿನ್ಸ್‌ಮೆನ್’ಗೆ ಬರುವುದು ಲೇಸು, ಎರಡಕ್ಕೂ ನಡುವೆ ಗೋಪಾಲನಾಥರ ಶುದ್ಧ ಕರ್ನಾಟಕ ಸಂಗೀತದ ಯಾವುದಾದರೂ ಒಂದು ಕಛೇರಿಯನ್ನು ಸೇರಿಸಿಕೊಂಡರೆ ಕಿವಿಯು ತಾನಾಗಿಯೇ ಹದಗೊಳ್ಳುತ್ತದೆ.