ಮಾಗಿಯ ಕೋಳಿಯೂ ಕಡಲೆಕಾಯಿ ಹಿಂಡಿಯೂ



ಬರಗೂರಿನ ಕಡೆ ರಾಗಿ ಕಣ ಮಾಡುವ ಹೊತ್ತಿಗೆ ಹಿತ್ತಲಿನ ಕೋಳಿ ಮೊಟ್ಟೆ ನಿಲ್ಲಿಸುವುದುಂಟು. ಮನೆಯ ಹೆಂಗಸರ ಕೈಕಾಸೂ ಅಲ್ಲಿಗೆ ನಿಂತಿತು. "ಚಳಿಗೆ ನಿಲ್ಲಿಸ್ತು" ಅನ್ನುತ್ತೇವೆ. ಚಳಿಯೊಂದೇ ಕಾರಣವಲ್ಲ. ಕೋಳಿಯ ಮೂಲ ಕಾಡುಕೋಳಿ; ಹಗಲು ಬೆಳೆದಾಗ ಮೊಟ್ಟೆಯಿಟ್ಟು, ಕುಗ್ಗಿದಾಗ ಬಿಡುವುದು ಅದರ ಹುಟ್ಟುಗುಣ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು 8 ಗಂಟೆಯೂ ಇರದು. ಅಂಥ ಕಡೆ ಗೂಡಿಗೆ ವಿದ್ಯುದ್ದೀಪ ಹಾಕುವ ರೂಢಿ ಬಂತು. ನಮ್ಮಲ್ಲಿ ಹಗಲು 11 ಗಂಟೆಗಿಂತ ಕೆಳಗಿಳಿಯದು. ಆದ್ದರಿಂದ ದೀಪಕ್ಕಿಂತ ಮೊದಲು ಮೇವು ನೋಡಿ.

ಹಳೆ ಪುಕ್ಕ ಉದುರಿ ಹೊಸದು ಬರುವಾಗ ಕೋಳಿಗೆ ಪ್ರೋಟೀನು ಹೆಚ್ಚು ಬೇಕು. ರಾಗಿಯೊಂದೇ ಸಾಲದು. ಶಿರಾ, ಮಧುಗಿರಿ, ಪಾವಗಡ ಕಡಲೆಕಾಯಿ ಸೀಮೆ. ನುಚ್ಚಿನ ಜೊತೆಗೆ ಹಿಂಡಿ ಬೆರೆಸಿ ಕೊಡಿ.

ಆದರೆ ಒಂದು ಮಾತು ಮರೀಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ತಿಳಿಯದೆ ಅದನ್ನು 'ಎಕ್ಸ್ ರೋಗ' ಎಂದು ಕರೆದರು. ಹುಡುಕುತ್ತ ಹೋದಾಗ ಸಿಕ್ಕಿದ್ದು, ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯ ಬೂಷ್ಟು! ಅದರ ನಂಜಿಗೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಅದು ಈಲಿಯನ್ನು ಕೆಡಿಸುತ್ತದೆ, ಬೇಯಿಸಿದರೂ ಹೋಗದು.

ಮಾಗಿಯ ಇಬ್ಬನಿ ನಮ್ಮಲ್ಲೂ ಉಂಟಲ್ಲ! ಕಾಯನ್ನು ಗಲಗಲ ಅನ್ನುವಂತೆ ಒಣಗಿಸಿ. ಹಿಂಡಿಯನ್ನು ನೆಲಕ್ಕೆ, ಗೋಡೆಗೆ ತಾಗದ ಹಾಗೆ ಹಲಗೆಯ ಮೇಲಿಡಿ, ಬೇಕಾದಷ್ಟೇ ತನ್ನಿ. ಮುಗ್ಗಲು ವಾಸನೆ ಬಂದರೆ ಕಾಸಿನ ಮುಖ ನೋಡಬೇಡಿ. ತಿಪ್ಪೆಗೂ ಎಸೆಯಬೇಡಿ, ಕೋಳಿ ಅಲ್ಲೇ ಕೆದಕೀತು. ಗುಂಡಿ ತೋಡಿ ಮುಚ್ಚಿಬಿಡಿ.