ಶಾಸನದಲ್ಲಿ ಇಲ್ಲದ ಸಮುದ್ರ | ಕರಾವಳಿ ಕಥೆ – 7

ಹಟ್ಟಿಯಂಗಡಿಗೆ ಹೋದ್ರೆ ನೀವು ಸಿದ್ಧಿವಿನಾಯಕನಿಗೆ ಕೈ ಮುಗಿದು ವಾಪಸ್ ಬರ್ತೀರಿ ಅಲ್ವಾ? ಮುಂದಿನ ಸಲ ಬಸದಿ ಕಡೆಗೂ ಹೋಗಿ, ಹಳೇ ಕಲ್ಲುಗಳನ್ನೂ ನೋಡಿ. ಆಳುಪರ ಕಾಲದಿಂದ ಬಂದ ಊರು ಇದು. ನಮ್ಮ ಕರಾವಳಿಯ ಶಾಸನಗಳಲ್ಲಿ ಸಾಮಾನ್ಯವಾಗಿ ಏನಿರುತ್ತೆ? ಯಾರು ಆಳ್ತಿದ್ರು, ಯಾವ ಗದ್ದೆ ಯಾವ ದೇವರಿಗೆ ಬಿಟ್ರು, ಎಷ್ಟು ಮುಡಿ ಅಕ್ಕಿ ಕೊಡಬೇಕು. ಆದ್ರೆ ಇದೇ ಊರಿನ ವಾರಾಹಿ ಗಂಗೊಳ್ಳಿ ಅಳಿವೆ ದಾಟಿ ಸೇರುವ ಸಮುದ್ರ ಆ ವರ್ಷ ಎಷ್ಟು ಬಿಸಿ ಇತ್ತು? ಅದನ್ನು ಕಲ್ಲಲ್ಲಿ ಕೆತ್ತಿಸಲು ಯಾವ ಅರಸನ ಹತ್ರವೂ ಅಳೆಯುವ ಸಾಧನ ಇರಲಿಲ್ಲ.

ಆ ಲೆಕ್ಕ ಬರೆದಿಟ್ಟದ್ದು ಹವಳ.

ಸರದ ಕೆಂಪು ಮಣಿ ಅಲ್ಲ, ಅದು ಬೇರೆ ಜಾತಿ. ನಾನು ಹೇಳ್ತಿರುವುದು ಲಕ್ಷದ್ವೀಪದ ಸುತ್ತ ಬಂಡೆಯ ಹಾಗೆ ಬೆಳೆಯುವ ಪೊರೈಟಿಸ್ ಹವಳ. ಅದರಲ್ಲಿರುವ ಸಣ್ಣ ಜೀವಿಗಳು ಸಮುದ್ರದ ನೀರಿಂದಲೇ ಸುಣ್ಣ ತೆಗೆದು ಮನೆ ಕಟ್ಟಿಕೊಳ್ತವೆ. ನಮ್ಮಲ್ಲಿ ಸುಟ್ಟು ಗೋಡೆಗೆ ಬಳೀತಿದ್ದ ಚಿಪ್ಪೂ ಅದೇ ಪದಾರ್ಥದ್ದು, ಕ್ಯಾಲ್ಸಿಯಂ ಕಾರ್ಬೊನೇಟ್. ಈ ಹವಳ ಬೆಳೆಯೋದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್, ಅಷ್ಟೇ.

ಹವಳವನ್ನು ಉದ್ದಕ್ಕೆ ಕೊರೆದು ಎಕ್ಸ್‌-ರೇ ತೆಗೆದರೆ ಗಟ್ಟಿ ಪಟ್ಟಿ, ಸಡಿಲ ಪಟ್ಟಿ ಒಂದರ ಪಕ್ಕ ಒಂದು ಕಾಣುತ್ತೆ. ಒಂದು ಜೋಡಿ ಅಂದ್ರೆ ಒಂದು ವರ್ಷ. ಇದಕ್ಕೆ ಸಾಕ್ಷಿ ಸಿಕ್ಕಿದ ಕಥೆ ವಿಚಿತ್ರ. ಪೆಸಿಫಿಕ್‌ನ ಎನಿವೆಟಾಕ್ ದ್ವೀಪದಲ್ಲಿ ಅಮೆರಿಕ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿತ್ತಲ್ಲ, ಅದರ ವಿಕಿರಣದ ಗುರುತು ಅಲ್ಲಿನ ಹವಳದೊಳಗೆ ಉಳಿದುಬಿಟ್ಟಿತ್ತು. ಬಾಂಬಿನ ವರ್ಷ ಎಲ್ಲರಿಗೂ ಗೊತ್ತಿತ್ತು. 1972ರಲ್ಲಿ ವಿಜ್ಞಾನಿಗಳು ಪಟ್ಟಿ ಎಣಿಸಿ ನೋಡಿದರೆ ಲೆಕ್ಕ ಸರಿಹೋಯ್ತು. ಊರು ಹಾಳು ಮಾಡಿದ ಬಾಂಬಿನಿಂದ ಆದ ಒಂದು ಉಪಕಾರ ಅಂತ ಹೇಳ್ಬೇಕಾ, ಗೊತ್ತಾಗಲ್ಲ.

ಇನ್ನು ರಸಾಯನಶಾಸ್ತ್ರ. ಒಂದೊಂದು ಪಟ್ಟಿಯಿಂದ ಚೂರು ಪುಡಿ ಕೆರೆದು ಪರೀಕ್ಷೆ ಮಾಡ್ತಾರೆ. ನೀರು ಬಿಸಿ ಇದ್ದಾಗ ಹವಳ ಸ್ಟ್ರಾನ್ಷಿಯಂ ಕಡಿಮೆ ಸೇರಿಸಿಕೊಳ್ಳುತ್ತೆ, ಭಾರದ ಆಮ್ಲಜನಕವೂ (ಆಕ್ಸಿಜನ್-18) ಕಡಿಮೆ. ಆಮ್ಲಜನಕದ ಲೆಕ್ಕದಲ್ಲಿ ಮಳೆ, ಉಪ್ಪಿನಂಶದ ಪ್ರಭಾವವೂ ಬೆರೆತಿರುತ್ತೆ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಳ್ಳೇದು.

ನಮ್ಮ ಸಮುದ್ರದ್ದೇ ಉದಾಹರಣೆ ಇದೆ. 1990ರ ದಶಕದಲ್ಲಿ ಅಹಮದಾಬಾದ್‌ನ ಭೌತ ಸಂಶೋಧನಾ ಪ್ರಯೋಗಾಲಯದ ಎಸ್. ಚಕ್ರವರ್ತಿ, ಆರ್. ರಮೇಶ್ ಅವರು ಲಕ್ಷದ್ವೀಪದ ಕವರತ್ತಿಯ ಹವಳ ಪರೀಕ್ಷಿಸಿದರು. ಮಳೆಗಾಲದಲ್ಲಿ ಸಮುದ್ರದ ಮೇಲ್ನೀರು ತಣ್ಣಗಾಗೋದು ಅದರಲ್ಲಿ ದಾಖಲಾಗಿತ್ತು. ಅದೇ ಮಳೆಗಾಲದಲ್ಲಿ ನಮ್ಮ ಕರೆಯಲ್ಲಿ ಅಡಿಯ ತಂಪು ನೀರು ಮೇಲೆ ಬರುತ್ತೆ. ಅದರ ಜೊತೆ ಸತ್ವ ಬರುತ್ತೆ, ಅದನ್ನು ತಿಂದು ಬೆಳೆಯುವ ಸೂಕ್ಷ್ಮ ಜೀವಿಗಳು ಬರ್ತವೆ, ಅವುಗಳ ಹಿಂದೆ ಬೈಗೆ ಮೀನು (ಮಂಗಳೂರು ಕಡೆಯವರೇ, ನಿಮ್ಮ ಬೂತಾಯಿ). ಈ ತಂಪು ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಅಂತ ಹೋಲಿಸೋಕೆ ಥರ್ಮಾಮೀಟರ್ ಇಲ್ಲದ ವರ್ಷಗಳ ಲೆಕ್ಕ ಬೇಕು.

ಆದ್ರೆ ಲೆಕ್ಕ ಬರೆಯುವವನೇ ಸಾಯ್ತಿದ್ದಾನೆ. 1998ರ ಎಲ್ ನಿನೋ ಬಿಸಿಗೆ ಲಕ್ಷದ್ವೀಪದ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತುಹೋಯ್ತು. 2010ರಲ್ಲಿ, 2016ರಲ್ಲಿ ಮತ್ತೆ ಅದೇ ಹೊಡೆತ. ಸತ್ತ ಹವಳದಲ್ಲಿ ಹಳೇ ಪಟ್ಟಿ ಉಳಿಯುತ್ತೆ, ಹೊಸದು ಸೇರಲ್ಲ. ಕೊರೆಯುವ ಹುಳ, ಅಲೆ ಸೇರಿ ಹಳೇದನ್ನೂ ನಿಧಾನಕ್ಕೆ ಪುಡಿ ಮಾಡ್ತವೆ.

ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗುವವರು ಇದ್ದೀರಿ. ಅಲ್ಲೂ ಹವಳ ಇದೆ. ಅದರ ಮೇಲೆ ಕಾಲಿಡ್ಬೇಡಿ, ಮುರಿದು ತರ್ಬೇಡಿ. ಫೋಟೋ ತೆಗೆದರೆ ನಮಗೂ ಕಳಿಸಿ.

#ಹಟ್ಟಿಯಂಗಡಿ #ಕುಂದಾಪುರ #ಕರಾವಳಿಕಥೆ